ನಂಜಿಗೆ ಮದ್ದು

ಕಡಲಿನ ಈಚೆ ದಡಕ್ಕೂ ಆಚೆ ದಡಕ್ಕೂ ಅಜ್ಜಂದಿರ ಕಾಲದ ಗೆಳೆತನ. ಇಲ್ಲಿಂದ ಮೆಣಸು ಹೋಗುತ್ತಿತ್ತು, ಅಲ್ಲಿಂದ ತಾಮ್ರ ಬರುತ್ತಿತ್ತು. ಕಡಲುಗಳ್ಳರು ಬಂದರೆ ಎರಡೂ ಕಡೆಯವರು ಕೂಡಿ ಹಡಗು ಬಿಡುತ್ತಿದ್ದರು.

ಈ ಗೆಳೆತನದ ಒಪ್ಪಂದ ಹೊಸದಾಗುವುದು ಎರಡು ದಡಗಳ ನಡುವಿನ ನಡುಗಡ್ಡೆಯಲ್ಲಿ. ಈ ದಡದ ರಾಯಭಾರಿ ಕೈಯಾರೆ ಅಡುಗೆ ಮಾಡಿ ಆ ದಡದವನಿಗೆ ಬಡಿಸಬೇಕು, ಅವನು ಇವನಿಗೆ. ಉಂಡೆದ್ದ ಮೇಲೆಯೇ ಮಾತು.

ಆ ವರ್ಷ ಆಚೆ ದಡದವರು ಮೆಣಸಿಗೆ ಸುಂಕ ಏರಿಸಿದರು. ಇವರು ಸಿಟ್ಟಾಗಿ ತಾಮ್ರದ ಹಡಗುಗಳನ್ನು ತಡೆದರು.

ಊಟದ ಹಿಂದಿನ ಸಂಜೆ ಈಚೆ ದಡದ ರಾಯಭಾರಿ ಬೊಮ್ಮಣ್ಣ ನಡುಗಡ್ಡೆಯ ಆಶ್ರಮಕ್ಕೆ ಬಂದ. ಅಲ್ಲೇ ಓದಿ ಬೆಳೆದವನು. ಗುರುಗಳ ಪಾದ ಮುಟ್ಟಿದ.

“ನಂಜಿಗೆ ಮದ್ದು ಕೊಡಿ, ಗುರುಗಳೇ.”

“ಯಾರು ತಿಂದರು ನಂಜು?”

“ಯಾರೂ ಇಲ್ಲ. ನಾಳೆ ನಾನು ತಿನ್ನಬಹುದು.”

“ಆಚೆಯವನು ಇಕ್ಕುತ್ತಾನೆಂದು ಹೇಳಿದವರು ಯಾರು?”

“ಯಾರೂ ಹೇಳಿಲ್ಲ. ಎಲ್ಲರೂ ಸುಮ್ಮನಿದ್ದಾರೆ. ಹೊರಡುವಾಗ ಹೆಂಡತಿ ಕೂಡ ನನ್ನ ಮುಖ ನೋಡಲಿಲ್ಲ.”

“ಹಾಗಾದರೆ ಉಣ್ಣಬೇಡ.”

“ಉಣ್ಣದಿದ್ದರೆ ಒಪ್ಪಂದ ಮುರಿಯುತ್ತದೆ. ಕಳ್ಳರ ಹಾಯಿ ಆಗಲೇ ಕಣ್ಣಿಗೆ ಬಿದ್ದಿದೆ. ಒಬ್ಬೊಬ್ಬರೇ ಆದರೆ ಯಾವ ದಡವೂ ಉಳಿಯುವುದಿಲ್ಲ.”

ಗುರುಗಳು ದೀಪದ ಬತ್ತಿ ಏರಿಸಿದರು.

“ನಾಳೆ ಅವನ ಎಲೆಗೆ ಏನು ಬಡಿಸುತ್ತೀ?”

“ಅನ್ನ, ಹುರುಳಿ ಸಾರು, ಬೆಲ್ಲದ ಪಾಯಸ.”

“ಮತ್ತೇನಾದರೂ ಬೆರೆಸುತ್ತೀಯೋ?”

“ಶಿವಶಿವಾ! ಉಣ್ಣುವವನ ಎಲೆಗೆ ನಂಜಿಕ್ಕುವ ಮನೆತನವೇ ನಮ್ಮದು?”

“ಅದು ಅವನಿಗೆ ಗೊತ್ತೇ?”



ಗುರುಗಳು ಎದ್ದು ಗೂಡಿನಿಂದ ಒಂದು ಬೇರು ತೆಗೆದರು. ಕಲ್ಲಿನ ಮೇಲೆ ನೀರು ಚಿಮುಕಿಸಿ ತೇಯತೊಡಗಿದರು. ಬೇರು ಅರ್ಧವೇ ಇತ್ತು. ತೇಯ್ದ ಗುರುತು ಹೊಸದಾಗಿತ್ತು.

“ಉಳಿದರ್ಧ ಎಲ್ಲಿ?”

“ನಿನ್ನೆ ಇನ್ನೊಬ್ಬನಿಗೆ ತೇಯ್ದು ಕೊಟ್ಟೆ.”

ಒಳಕೋಣೆಯಲ್ಲಿ ಯಾರೋ ಕೆಮ್ಮಿದರು. ಬೊಮ್ಮಣ್ಣ ಬೆಚ್ಚಿ ಅತ್ತ ತಿರುಗಿದ. ಹೊಸ್ತಿಲ ಬಳಿ ಒಂದು ಜೊತೆ ಕೆರ ಇದ್ದವು. ಮೂತಿ ಚೂಪಾದವು, ಆಚೆ ದಡದವು.

“ಅವನೂ...” ಎಂದ ಪಿಸುದನಿಯಲ್ಲಿ. “ಅವನೂ ಇದನ್ನೇ ಕೇಳಿದನೇ?”

“ಇದೇ ಜಾಗದಲ್ಲಿ ಕೂತು ಕೇಳಿದ.”

“ಮದ್ದು ಕುಡಿದ ಮೇಲೆ ಹೆದರಿಕೆ ಹೋಯಿತೇ?”

ಗುರುಗಳು ಬೇರನ್ನು ಕೆಳಗಿಟ್ಟು ಕೈ ಒರೆಸಿಕೊಂಡರು.

“ನಿನ್ನೆಯಿಂದ ಅವನು ಒಂದು ತುತ್ತೂ ಉಂಡಿಲ್ಲ, ಬೊಮ್ಮಣ್ಣ. ಏಳು, ಒಲೆ ಹಚ್ಚು.”