ಮೊಣಕಾಲುದ್ದ ನೀರು ಬೇಡಿದ ತಾಯಿ

ಪೂರ್ವಕಾಲದಲ್ಲಿ, ಭಕ್ತಜನವಂದಿತೆಯಾದ ಕೆರೆಯಮ್ಮನು ನೆಲೆಸಿರುವ ಈ ದಿವ್ಯತಟಾಕದ ತೀರದಲ್ಲಿ, ಪಾಳೆಯಗಾರ ಬೊಮ್ಮರಸನಾಯಕನ ಧರ್ಮಪತ್ನಿಯೂ ಸಂತಾನವಿಲ್ಲದೆ ಬಹುಕಾಲ ಕೊರಗಿದವಳೂ ಆದ ಹೊನ್ನಾಜಮ್ಮನು, ಕೆರೆಯನ್ನು ಸದಾ ತುಂಬಿ ತುಳುಕಿಸುವೆನೆಂದು ಹರಕೆ ಹೊತ್ತು ಎತ್ತರದ ಕಲ್ಲುಕೋಡಿಯನ್ನು ಕಟ್ಟಿಸಿದಳು. ಕೆರೆ ತುಂಬಿದ ವರ್ಷವೇ ಆಕೆ ಗರ್ಭವತಿಯಾದಳು. ಊರಿಗೆ ಊರೇ ಕುಣಿದಾಡಿತು!

ಆದರೆ ಮೊಣಕಾಲುದ್ದ ನೀರಿನಲ್ಲಿ ನಿಂತು ಕೊಕ್ಕಾಡಿಸಿ ಮೀನು ಹಿಡಿಯುವ ಬಣ್ಣದ ಕೊಕ್ಕರೆಗಳಿಗೆ ಆ ಅಗಾಧ ಜಲರಾಶಿಯಲ್ಲಿ ಕಾಲೂರಲು ಎಡೆಯಿಲ್ಲದಾಯಿತು. ಹಸಿದ ಮರಿಗಳು ಗೂಡುಗಳಿಂದ ಉದುರತೊಡಗಿದವು. ಇದು ದೇವಿಯ ಮುನಿಸೆಂದೂ ಆಕೆಗೆ ನೀರು ಸಾಲದೆಂದೂ ಬಗೆದ ನಮ್ಮ ಪೂರ್ವಿಕ ಮಹಾನುಭಾವರು ಕೋಡಿಯ ಮೇಲೆ ಇನ್ನಷ್ಟು ಜೇಡಿಮಣ್ಣು ಮೆತ್ತಿ ಕೈಮುಗಿದರು! ಭಕ್ತಿಗೇನೂ ಕೊರತೆಯಿರಲಿಲ್ಲ, ಬುದ್ಧಿ ಮಾತ್ರ ಮಣ್ಣುಪಾಲಾಗಿತ್ತು.

ಒಂದು ಪ್ರಾತಃಕಾಲ, ತುಂಬುಗರ್ಭಿಣಿಯಾದ ಹೊನ್ನಾಜಮ್ಮನ ಪಾದದ ಬಳಿಯೇ ಮರಿಯೊಂದು ಬಿದ್ದು ಬಾಯಿ ಬಿಡಲು, ಆಕೆ ಅದನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಆಗ ಜಲಮಧ್ಯದಿಂದ ದೇವಿಯ ವಾಣಿ ಮೊಳಗಿತು: "ಮಗಳೇ, ನಿನ್ನ ಹರಕೆಯ ನೀರು ನನ್ನ ಮಕ್ಕಳ ತುತ್ತು ಕಸಿದಿದೆ. ನನಗೆ ಮೊಣಕಾಲುದ್ದ ನೀರು ಸಾಕು, ಮಿಕ್ಕಿದ್ದನ್ನು ಬಿಟ್ಟುಬಿಡು!" ಆಕೆಯ ಒಡಲ ಕೂಸಿನ ವಿಷಯವಾಗಿ ದೇವಿ ಏನನ್ನೂ ನುಡಿಯಲಿಲ್ಲ.

ಹೊನ್ನಾಜಮ್ಮನು ಗುದ್ದಲಿ ಹಿಡಿದು ಕೋಡಿಯತ್ತ ನಡೆಯಲು, ಸೂಲಗಿತ್ತಿ ಕಾಳವ್ವ ಓಡಿಬಂದು ಅಡ್ಡ ನಿಂತಳು. "ಬ್ಯಾಡಿ ಅಮ್ಮಾವ್ರೇ! ಹೊಟ್ಟೇಲಿ ಕೂಸೈತೆ, ಹರಕೆ ಮುರೀಬ್ಯಾಡಿ!"

ಹೊನ್ನಾಜಮ್ಮ ಮಡಿಲ ಮರಿಯನ್ನು ತೋರಿಸಿ, "ಇದಕ್ಕೂ ಒಬ್ಬಳು ತಾಯಿ ಇದ್ದಾಳಲ್ಲವ್ವಾ" ಎಂದು ಗುದ್ದಲಿ ಎತ್ತಿದಳು.

ಕೋಡಿ ಒಡೆಯಿತು! ನೀರು ಭೋರ್ಗರೆದು ಹೊರಬಿತ್ತು, ಕೆಸರಂಗಳಗಳು ತಲೆಯೆತ್ತಿದವು, ತೆಳುನೀರಿನಲ್ಲಿ ಕಿರುಮೀನುಗಳು ಮಿಂಚಿದವು, ಆಹಾ, ಮರಮರದಿಂದಲೂ ಕೊಕ್ಕರೆಗಳು ಗುಲಾಬಿ ರೆಕ್ಕೆ ಬೀಸಿ ಇಳಿದವು! ಅದೇ ಹೊತ್ತಿಗೆ ಹೆರಿಗೆ ನೋವು ಕಾಣಿಸಿಕೊಂಡು, ಹೊನ್ನಾಜಮ್ಮನು ಮೊಣಕಾಲುದ್ದ ನೀರಿನಲ್ಲಿಯೇ ಹೆಣ್ಣುಮಗುವನ್ನು ಹೆತ್ತಳು. ಕೂಸು ಅಳಲಿಲ್ಲ. ಕಾಳವ್ವ ಬೆನ್ನು ತಟ್ಟಿದರೂ ಫಲವಿಲ್ಲ. ಹೊಟ್ಟೆ ತುಂಬಿದ ಮರಿಗಳು ಮರದ ಮೇಲೆ ಕೂಗಿಕೊಂಡವು ನೋಡಿ, ಕೂಸೂ ಕಿಟಾರನೆ ಕಿರುಚಿತು!

ಒಡೆದ ಆ ಕಲ್ಲುಕೋಡಿಯನ್ನು ಭಕ್ತರು ಇಂದಿಗೂ ದೇಗುಲದ ಬಡಗಣ ದಿಕ್ಕಿನಲ್ಲಿ ಕಾಣಬಹುದು. ಪ್ರತಿವರ್ಷ ಕೊಕ್ಕರೆಗಳ ಗೂಡಿನಲ್ಲಿ ಮರಿಗಳಾಗುವ ಕಾಲಕ್ಕೆ, ಬಸುರಿಯೊಬ್ಬಳು ಆ ಒಡಕಿನ ಕಂಡಿಯಲ್ಲಿ ತುಂಬಿದ ಹೂಳಿನ ಮೊದಲ ಹಿಡಿಯನ್ನು ತೆಗೆದು ಕೊಟ್ಟ ಮೇಲೆ ಊರವರೆಲ್ಲರೂ ಸೇರಿ ಕಂಡಿಯನ್ನು ಬಿಡಿಸಿ ನೀರನ್ನು ಮೊಣಕಾಲಿಗಿಳಿಸುವರು. ಅಂದು ನೈವೇದ್ಯ ಸಿದ್ಧವಾಗಿದ್ದರೂ ಗರ್ಭಗುಡಿಯ ಬಾಗಿಲು ತೆರೆಯದು. ತಾಯಿಕೊಕ್ಕರೆ ಮರಿಗೆ ಗುಟುಕು ಕೊಟ್ಟದ್ದನ್ನು ಕಣ್ಣಾರೆ ಕಂಡ ಮೇಲೆಯೇ ಅರ್ಚಕರು ಗಂಟೆಗೆ ಕೈ ಹಚ್ಚುವರು.