ಕೆಂಪಿನೊಳಗಿನ ಪಾದರಸ

ಶಿಷ್ಯ ಕೇಳಿದ: "ಗುರುಗಳೇ, ಮಠದಲ್ಲಿ ಈಗ ಎಲ್ಲರೂ ಹಾಡುತ್ತಿರುವ ಹಾಡಿಗೆ ಪದ ನನ್ನದು, ಧಾಟಿ ನನ್ನ ಜೊತೆಯ ಶಿಷ್ಯ ಬಸವಂತನದು. ಜನ ಹಾಡನ್ನು ಹೊಗಳುತ್ತಾರೆ, ನನ್ನನ್ನು ಕೇಳುವವರಿಲ್ಲ. ಅದರಲ್ಲಿ ನನ್ನ ಪಾಲು ಯಾವುದೆಂದು ತೋರಿಸುವುದು ಹೇಗೆ?"

ಗುರುಗಳು ನಕ್ಕರು. ತೋರಿಸಬಹುದು, ಹಿಂದೆ ಒಬ್ಬ ವರ್ತಕ ತೋರಿಸಿದ್ದ ಎಂದು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ವರ್ತಕನಿದ್ದ. ಮಗಳು ಕಾಯಿಲೆ ಬಿದ್ದಾಗ, ಮಗು ಉಳಿದರೆ ಊರಮ್ಮನ ಮರದ ಮೂರ್ತಿಗೆ ಹೊಸ ಬಣ್ಣ ಬರೆಸುತ್ತೇನೆಂದು ಹರಕೆ ಹೊತ್ತ. ಮಗಳು ಎದ್ದು ಓಡಾಡಿದಳು. ಅವನು ಅಮ್ಮನ ಕೆಂಪಿಗೆಂದು ಪಾದರಸ ಕೊಟ್ಟ. ಬಾಣ ಬಿರುಸು ಮಾಡುವವನೊಬ್ಬ ತನ್ನಲ್ಲಿದ್ದ ಗಂಧಕ ಕೊಟ್ಟ.

ಬಣ್ಣಗಾರ ಎರಡನ್ನೂ ಕೂಡಿಸಿ ಅರೆದ. ಪಾದರಸದ ಹೊಳಪು ಹೋಯಿತು, ಗಂಧಕದ ಹಳದಿಯೂ ಹೋಯಿತು. ಕಾಡಿಗೆಯಂಥ ಕರಿ ಪುಡಿ ಉಳಿಯಿತು. ಅದನ್ನು ಮಡಕೆಯಲ್ಲಿಟ್ಟು, ಬಾಯಿ ಮುಚ್ಚಿ, ಹದವಾಗಿ ಕಾಯಿಸಿದ. ತೆಗೆದು ನೋಡಿದರೆ ಮುಚ್ಚಳದ ಒಳಗೆ ಕೆಂಪು ಕಟ್ಟಿತ್ತು. ಅಂಥ ಕೆಂಪನ್ನು ಊರು ಕಂಡಿರಲಿಲ್ಲ. ಇದು ನಮ್ಮ ಅಮ್ಮನ ಕೆಂಪು ಎಂದು ಎಲ್ಲರೂ ಎದೆಯುಬ್ಬಿಸಿ ಹೇಳಿಕೊಂಡರು.

ವರ್ತಕನಿಗೆ ಆ 'ನಮ್ಮ' ಎಂಬ ಮಾತು ಸೇರಲಿಲ್ಲ. ಕೆಂಪು ನನ್ನ ಪಾದರಸದ್ದು ಎಂದು ಸಂತೆಯಲ್ಲಿ ಸಾರಿದ. ಹಾಗಾದರೆ ಹೊಳಪೆಲ್ಲಿ, ತೋರಿಸು ಎಂದು ಬಿರುಸಿನವನು ಕೆಣಕಿದ. ಜನ ನಕ್ಕರು. ಜಂಬದವನು ಬೈಗುಳವನ್ನಾದರೂ ಸಹಿಸಿಯಾನು, ಊರಿನ ನಗುವನ್ನು ಸಹಿಸಲಾರ. ವರ್ತಕ ನೇರ ಬಣ್ಣಗಾರನಲ್ಲಿಗೆ ಹೋಗಿ, ಊರಿನ ಎದುರು ತನ್ನ ಪಾದರಸ ತೋರಿಸಲೇಬೇಕೆಂದು ಹಟ ಹಿಡಿದ.

ಬಣ್ಣಗಾರ ಹೇಳಿದ: "ಯಜಮಾನ್ರೇ, ಪಾದರಸ ಮೂಲವಸ್ತು, ಅದನ್ನ ಇನ್ನು ಒಡೆಯೋಕಾಗಲ್ಲ. ಗಂಧಕವೂ ಹಾಗೇ. ಈ ಕೆಂಪು ಅವೆರಡೂ ಕೂಡಿ ಹುಟ್ಟಿದ ಮೂರನೇದು. ಒಡೆದರೆ ನಿಮ್ಮದು ನಿಮಗೆ ಸಿಗುತ್ತೆ, ಕೆಂಪು ಇರಲ್ಲ. ಕೊಟ್ಟು ಹಿಂದಕ್ಕೆ ತಗೊಂಡದ್ದು ಅಮ್ಮನಿಗೆ ಮತ್ತೆ ಸಲ್ಲೋದಿಲ್ಲ, ಅದೂ ನಿಮಗೆ ಗೊತ್ತು."

"ನನ್ನದು ಯಾವುದು ಅಂತ ಊರು ನೋಡಲಿ. ಒಡಿ," ಎಂದ ವರ್ತಕ.

ಹರಕೆ ಅವನದು. ಬಣ್ಣಗಾರ ಬೇಡವೆನ್ನುವಂತಿರಲಿಲ್ಲ. ಕೆಂಪಿಗೆ ಸುಣ್ಣ ಬೆರೆಸಿ ಮತ್ತೆ ಒಲೆಗಿಟ್ಟ. ಗಂಧಕ ಸುಣ್ಣದ ಪಾಲಾಯಿತು. ಪಾದರಸ ಮುಚ್ಚಳದಲ್ಲಿ ಹನಿಹನಿಯಾಗಿ ಕೂತಿತು, ಮೊದಲು ಇದ್ದ ಹೊಳಪಿನಲ್ಲೇ. ವರ್ತಕ ಅದನ್ನು ಬಟ್ಟಲಿಗೆ ಹಾಕಿಕೊಂಡು ತಲೆಯೆತ್ತಿ ಬೀದಿಬೀದಿ ತಿರುಗಿದ. ಒಬ್ಬರೂ ಎದುರಾಡಲಿಲ್ಲ. ಹೌದು, ನಿನ್ನದೇ ಎಂದರು. ಹಾಗೆಂದು ತಮ್ಮ ತಮ್ಮ ಕೆಲಸಕ್ಕೆ ಹೋದರು.

ಹೊಸ ಬಣ್ಣಕ್ಕೆಂದು ಹಳೆಯದನ್ನು ಕೆರೆದಿದ್ದರಿಂದ ಪೂಜೆಯ ದಿನ ಊರಮ್ಮ ಬರಿಯ ಮರವಾಗಿ ನಿಂತಿದ್ದಳು. ವರ್ತಕನ ಮಗಳು ಮೂರ್ತಿಯನ್ನು ನೋಡಿ, ಅಪ್ಪಾ, ನನಗಾಗಿ ಅಮ್ಮನಿಗೆ ಏನು ಕೊಟ್ಟೆ ಎಂದು ಕೇಳಿದಳು. ಊರಿಗೆಲ್ಲ ತೋರಿಸಿದ್ದ ಬಟ್ಟಲನ್ನು ಅವನು ಮಗಳ ಕಣ್ಣಿಗೆ ಬೀಳದಂತೆ ಶಲ್ಯದೊಳಗೆ ಸೇರಿಸಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಮಾತ್ರ ಇನ್ನೂ ಬಿಗಿದುಕೊಂಡೇ ಇದ್ದ. "ಆದರೂ ಗುರುಗಳೇ, ಅವನ ಪಾಲು ಅವನಿಗೆ ಸಿಕ್ಕಿತಲ್ಲವೇ?"

"ಸಿಕ್ಕಿತಪ್ಪಾ," ಎಂದರು ಗುರುಗಳು, "ಅದೊಂದೇ ಸಿಕ್ಕಿತು."