ಗುಂಡುಕಲ್ಲಿಗೆ ಹಚ್ಚಿದ ಎಣ್ಣೆ

"ಗುರುಗಳೇ, ಒಂದು ದಿನವೂ ಎತ್ತಿ ಆಡಿಸದವಳಿಗೆ ಮೊಮ್ಮಗನನ್ನು ಕರೆಯುವ ಹಕ್ಕು ಇದೆಯೇ?" ಎಂದು ಕರಿಬಸವ ಕೇಳಿದ.

ಅವನು ಮಠಕ್ಕೆ ಸೇರಿದ ಮೇಲೆ ಊರಿನ ಕಡೆ ತಲೆ ಹಾಕಿರಲಿಲ್ಲ. ಆ ಬೆಳಿಗ್ಗೆ ಊರಿನಿಂದ ಹೇಳಿಕಳಿಸಿದ್ದರು. ಅಜ್ಜಿ ಹಾಸಿಗೆ ಹಿಡಿದಿದ್ದಾಳೆ, ನಿನ್ನನ್ನು ನೋಡಬೇಕು ಎನ್ನುತ್ತಿದ್ದಾಳೆ, ಇವತ್ತೇ ಹೊರಟು ಬಾ ಎಂದು. ಬಿಸಿಲೇರಿದರೂ ಕರಿಬಸವ ಹೊರಟಿರಲಿಲ್ಲ.

"ನನಗೆ ತಿಳಿವಳಿಕೆ ಬಂದಾಗಿನಿಂದ ಅವಳು ನನ್ನನ್ನು ಮುಟ್ಟಿದ್ದಿಲ್ಲ. ನಾನು ಓಡಿ ಹೋದರೆ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದಳು. ಒರಳಿನ ಗುಂಡುಕಲ್ಲನ್ನು ಮಾತ್ರ ವಾರ ವಾರ ತೊಳೆದು, ಎಣ್ಣೆ ಹಚ್ಚಿ, ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು. ಕಲ್ಲಿಗಿದ್ದ ಭಾಗ್ಯ ನನಗಿರಲಿಲ್ಲ. ಈಗ ಯಾವ ಮುಖ ಇಟ್ಟುಕೊಂಡು ಕರೆಯುತ್ತಾಳೆ?"

ಗುರುಗಳಿಗೆ ಮೂಗಿನ ತುದಿಯಲ್ಲೇ ಕೋಪ. ಆದರೂ ಅವತ್ತು ಬೈಯಲಿಲ್ಲ.

"ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಿದರೆ ಅಲ್ಲಿಗೇ ನಿಲ್ಲಿಸುತ್ತೇನೆ," ಎಂದರು.

ಒಂದೂರಿನಲ್ಲಿ ಒಬ್ಬ ಮುದುಕಿ. ಅವಳಿಗೆ ಒಬ್ಬ ಮಗ, ಒಬ್ಬಳು ಸೊಸೆ. ಸೊಸೆಗೆ ಮೊದಲು ಹುಟ್ಟಿದ್ದು ಹೆಣ್ಣು. ಅದು ಗಟ್ಟಿಮುಟ್ಟಾಗಿ ಬೆಳೆಯಿತು. ಆಮೇಲೆ ಹುಟ್ಟಿದ್ದು ಗಂಡು. ಕೆಲವು ತಿಂಗಳು ಕೈಕಾಲು ಬಡಿದು ನಗುತ್ತಿದ್ದ ಕೂಸು, ಒಂದು ನೆಗಡಿ ಬಂತೆಂದು ಮಲಗಿತು, ಎದೆ ಕಟ್ಟಿ ಹೋಯಿತು. ಬೇರೆ ಮಕ್ಕಳು ತೋಳಿಗೆ ಮೂಗು ಒರೆಸಿಕೊಂಡು ಆಡುವಂಥ ನೆಗಡಿ ಅದು. ಮುದುಕಿಯ ಹೊಟ್ಟೆಗೆ ಬೆಂಕಿ ಬಿತ್ತು.

ಮತ್ತೆ ಗಂಡು ಹುಟ್ಟಿತು. ಮಕ್ಕಳು ಉಳಿಯದ ಮನೆಯಲ್ಲಿ ಏನು ಮಾಡುತ್ತಾರೆ? ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಒಂದು ಸಲ ಹೊರಳಿಸುತ್ತಾರೆ. ಇದು ಯಾರಿಗೂ ಬೇಡವಾದ ಕಸ ಎಂದುಕೊಂಡು ಸಾವು ದಾಟಿ ಹೋಗಲಿ ಎಂದು. ಆಮೇಲೆ ಒಬ್ಬ ಹೆಂಗಸು ಅದನ್ನು ಮೊರದಲ್ಲಿ ಎತ್ತಿ ತಂದು, ತಿಪ್ಪೆಯಲ್ಲಿ ಸಿಕ್ಕಿತು, ಬೇಕೇನಮ್ಮ ಎಂದು ಕೇಳುತ್ತಾಳೆ. ತಾಯಿ ಒಂದು ಹಿಡಿ ತೌಡು ಕೊಟ್ಟು ಕೊಳ್ಳುತ್ತಾಳೆ. ಕೂಸಿಗೆ ತಿಪ್ಪ ಎಂದು ಹೆಸರಾಗುತ್ತದೆ. ಮುದುಕಿಯೂ ಅದನ್ನೇ ಮಾಡಿದಳು. ತನ್ನ ಕೈಯಾರೆ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿದಳು. ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸಿದ್ದರಿಂದಲೇ ಮಲಗಿಸಿದಳು. ಕೆಲವು ತಿಂಗಳಿಗೆ ತಿಪ್ಪನ ಬಾಯ ತುಂಬ ಬಿಳಿ ಅಗ್ರದ ಹುಣ್ಣು, ಎದೆಯಲ್ಲಿ ಗೊರಗೊರ ಸದ್ದು. ಪಟ್ಟಣದ ದೊಡ್ಡಾಸ್ಪತ್ರೆಗೆ ಹೊತ್ತುಕೊಂಡು ಹೋದರು. ಬರುವಾಗ ಬಟ್ಟೆಯಲ್ಲಿ ಸುತ್ತಿಕೊಂಡು ಬಂದರು.

ಹೊರಡುವ ಮೊದಲು ಅಲ್ಲಿನ ವೈದ್ಯ ಸೊಸೆಯನ್ನು ಕೂರಿಸಿಕೊಂಡು, ನಿನ್ನ ತವರಿನಲ್ಲೂ ಗಂಡುಕೂಸುಗಳು ಹೀಗೆ ಹೋಗಿವೆಯೇ ಎಂದು ಕೇಳಿದ್ದ. ಅವಳ ತಮ್ಮಂದಿರಿಬ್ಬರು ತೊಟ್ಟಿಲಲ್ಲೇ ಹೋಗಿದ್ದರು. ಮುಂದೆ ಗಂಡು ಹುಟ್ಟಿದರೆ ಆ ವಾರದಲ್ಲೇ ನನ್ನ ಹತ್ತಿರ ತನ್ನಿ ಎಂದು ವೈದ್ಯ ಹೇಳಿದ.

ಗಂಡೇ ಹುಟ್ಟಿತು. ತೆಗೆದುಕೊಂಡು ಹೋದರು. ವೈದ್ಯ ರಕ್ತ ಪರೀಕ್ಷೆ ಮಾಡಿಸಿ ಹೇಳಿದ: "ರೋಗ ಬಂದರೆ ತಡೆಯುವ ಶಕ್ತಿ ಎಲ್ಲ ಮಕ್ಕಳಿಗೂ ಇರುತ್ತದೆ. ಹುಟ್ಟುವಾಗ ತಾಯಿಯಿಂದ ಸ್ವಲ್ಪ ತಂದಿರುತ್ತವೆ, ಅದು ಕೆಲವು ತಿಂಗಳಿಗೆ ಮುಗಿಯುತ್ತದೆ. ಅಷ್ಟರೊಳಗೆ ತಮ್ಮದನ್ನು ತಾವು ಬೆಳೆಸಿಕೊಳ್ಳುತ್ತವೆ. ಈ ಮಗುವಿನ ಮೈಯಲ್ಲಿ ಅದು ಬೆಳೆಯುವುದೇ ಇಲ್ಲ. ಇದು ತಾಯಿಯ ರಕ್ತದಿಂದ ಬಂದದ್ದು. ಅವಳಿಗೆ ಏನೂ ಆಗುವುದಿಲ್ಲ, ಗಂಡುಮಕ್ಕಳಿಗೆ ಆಗುತ್ತದೆ. ಅವಳ ತಪ್ಪೂ ಅಲ್ಲ, ಮೂಗು ಇಂಥದ್ದೇ ಬೇಕೆಂದು ಯಾರಾದರೂ ಕೇಳಿ ಪಡೆಯುತ್ತಾರೆಯೇ? ಅಕ್ಕನ ಮೂಳೆಯ ಮಜ್ಜೆ ಹೊಂದಿದರೆ ಅದನ್ನು ಇದರ ಮೈಗೆ ಹಾಕಿ ಮಗುವನ್ನು ಉಳಿಸಬಹುದು. ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವವರೆಗೆ ಮನೆಯಲ್ಲಿ ಒಂದೇ ಕೋಣೆ, ತಾಯಿಯೊಬ್ಬಳದೇ ಕೈ. ನನ್ನನ್ನು ಕೇಳದೆ ಲಸಿಕೆಯನ್ನೂ ಹಾಕಿಸಬೇಡಿ. ಒಂದು ಸೀನು ಸಾಕು, ಮಗು ಕೈಬಿಟ್ಟು ಹೋಗುತ್ತದೆ."

ಮುದುಕಿ ಮನೆಗೆ ಬಂದು ಕೋಣೆ ಸಾರಿಸಿ, ಸೊಸೆಯನ್ನೂ ಕೂಸನ್ನೂ ಒಳಗೆ ಬಿಟ್ಟು, ತಾನು ಹೊರಗೆ ಉಳಿದಳು. ಊಟದ ತಟ್ಟೆಯನ್ನು ಹೊಸ್ತಿಲ ಹತ್ತಿರ ಇಟ್ಟು ಹಿಂದೆ ಸರಿಯುವಳು. ಕೂಸು ಅತ್ತರೆ ಬಾಗಿಲ ಈಚೆಯಿಂದಲೇ ಜೋಗುಳ ಹಾಡುವಳು. ಎತ್ತಿಕೊಳ್ಳಬೇಕೆಂದು ತೋಳು ಕಿತ್ತುಬರುವಂತೆ ಆಸೆಯಾಗುತ್ತಿತ್ತು, ಎತ್ತಲಿಲ್ಲ.

ಹೆಸರಿಡುವ ದಿನ ಬಂತು. ಹೇಳದೆ ಇದ್ದರೂ ಬೀದಿಯ ಹೆಂಗಸರು ನೆರೆದರು. ಮುದುಕಿಯ ನಾದಿನಿ, ಅಂದರೆ ಗಂಡನ ತಂಗಿ, ಬೇರೆ ಊರಿನಿಂದ ಹೊಸ ಮೊರ ಹಿಡಿದೇ ಬಂದಳು. ಅವಳ ಮನೆಯ ಮಕ್ಕಳಿಗೆ ದಡಾರ ಎದ್ದು ಆಗಷ್ಟೇ ಇಳಿದಿತ್ತು. ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಲೇ ಪಡಸಾಲೆಗೆ ಕಾಲಿಟ್ಟಳು. ಮನೆಯಲ್ಲಿ ಗಂಡಸರಿರಲಿಲ್ಲ. ಮಗ ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತೇ ಎಂದು ಕೇಳಲು ಹೋಗಿದ್ದ.

"ಕೂಸನ್ನು ತಾ ಅತ್ತಿಗೆ," ಎಂದಳು ನಾದಿನಿ. "ಹೋದ ಸಲ ಮೊರ ಹಿಡಿಯಲು ನನ್ನನ್ನು ಕರೆಯಲಿಲ್ಲ. ಮನೆಮಗಳು ಎತ್ತಬೇಕಾದದ್ದನ್ನು ಪಕ್ಕದ ಮನೆಯವಳು ಎತ್ತಿದಳು. ಶಾಸ್ತ್ರ ಕೆಟ್ಟಿತು, ತಿಪ್ಪ ಉಳಿಯಲಿಲ್ಲ. ಈ ಸಲ ನಾನೇ ಎತ್ತುತ್ತೇನೆ."

ಆ ಮಾತು ಮುದುಕಿಯ ಎದೆಯಲ್ಲಿ ನೆಟ್ಟಿತು. ಹೌದೇನೋ ಎನ್ನಿಸಿತು. ತಾನು ನಾದಿನಿಯನ್ನು ಕರೆದಿದ್ದರೆ ತಿಪ್ಪ ಇಷ್ಟು ಹೊತ್ತಿಗೆ ಅಂಗಳದಲ್ಲಿ ಓಡಾಡುತ್ತಿದ್ದನೇನೋ. ವೈದ್ಯ ಕಣ್ಣಿಗೆ ಕಾಣದ್ದನ್ನು ಹೇಳುತ್ತಾನೆ, ಇವಳೂ ಕಣ್ಣಿಗೆ ಕಾಣದ್ದನ್ನೇ ಹೇಳುತ್ತಾಳೆ. ಯಾರನ್ನು ನಂಬುವುದು? ತಪ್ಪಿದರೆ ಹೋಗುವುದು ಕೂಸಿನ ಜೀವ.

ಅಷ್ಟರಲ್ಲಿ ನಾದಿನಿ ಸೀನಿದಳು.

ಮುದುಕಿ ಹೋಗಿ ಕೋಣೆಯ ಹೊಸ್ತಿಲ ಮೇಲೆ ಕೂತುಬಿಟ್ಟಳು. ಹೊಸ್ತಿಲ ಮೇಲೆ ಕೂತರೆ ಮನೆಗೆ ದರಿದ್ರ ಎಂದು ಬೀದಿಯ ಹುಡುಗಿಯರನ್ನೆಲ್ಲ ಗದರಿಸುತ್ತಿದ್ದವಳು ಅವಳೇ. ಹೆಂಗಸರು ಮುಖ ಮುಖ ನೋಡಿಕೊಂಡರು. ಮುದುಕಿಗೆ ಅರಳು ಮರಳು ಎಂದಳು ಒಬ್ಬಳು. ಹಾಲು ಕುಡಿದ ಮಕ್ಕಳೇ ಬದುಕದ ಮನೆಯಲ್ಲಿ ಶಾಸ್ತ್ರ ಬೇರೆ ಬಿಡುತ್ತಾಳಲ್ಲ ಎಂದಳು ಇನ್ನೊಬ್ಬಳು. ನಾದಿನಿ ಮುಂದೆ ಬಂದು ಬಾಗಿಲಿಗೆ ಕೈ ಹಾಕಿದಳು. ಆ ಬಾಗಿಲಿಗೆ ಒಳಗಿನ ಅಗುಳಿ ಇರಲಿಲ್ಲ. ಒಳಗೆ ಸೊಸೆ ಉಸಿರು ಬಿಗಿಹಿಡಿದು ನಿಂತದ್ದು ಮುದುಕಿಗೆ ಗೊತ್ತಾಗುತ್ತಿತ್ತು.

ಒಂದು ಮಾತು ಹೇಳಿದ್ದರೆ ಸಾಕಿತ್ತು. ಇದು ತಿಪ್ಪೆಯಿಂದ ಹೋಗುವುದಲ್ಲ, ತಾಯಿಯ ರಕ್ತದಿಂದ ಬಂದದ್ದು ಎಂದಿದ್ದರೆ ಎಲ್ಲರೂ ಅಲ್ಲಿಗೇ ನಿಲ್ಲುತ್ತಿದ್ದರು. ಆದರೆ ಮರುದಿನವೇ ಸೊಸೆಯನ್ನು ಮಾರಿ ಎಂದು ಕರೆದು ತವರಿಗೆ ಅಟ್ಟುತ್ತಿದ್ದರು. ಮಾತು ಮುದುಕಿಯ ನಾಲಿಗೆಯವರೆಗೆ ಬಂತು. ನುಂಗಿಕೊಂಡಳು.

ತೊಟ್ಟಿಲ ಶಾಸ್ತ್ರಕ್ಕೆಂದು ತೊಳೆದು, ಕುಲಾವಿ ಹಾಕಿದ ಗುಂಡುಕಲ್ಲು ಕೈಗೆ ಎಟುಕುವಷ್ಟು ದೂರದಲ್ಲಿತ್ತು. ಮುದುಕಿ ಅದನ್ನು ಎಳೆದು ಮಡಿಲಿಗೆ ಹಾಕಿಕೊಂಡಳು.

"ತೊಟ್ಟಿಲಿಗೆ ಮೊದಲು ಹಾಕುವುದು ಯಾರನ್ನು?" ಎಂದು ಕೇಳಿದಳು.

"ಗುಂಡುಕಲ್ಲನ್ನು," ಎಂದಳು ನಾದಿನಿ.

"ಯಾಕೆ?"

"ಕೂಸು ಕಲ್ಲಿನ ಹಾಗೆ ಗಟ್ಟಿಯಾಗಲಿ ಎಂದು. ಇದು ಯಾರಿಗೆ ಗೊತ್ತಿಲ್ಲ?"

"ಹಾಗಾದರೆ ತಿಪ್ಪೆಗೂ ಮೊದಲು ಇವನೇ ಹೋಗಲಿ, ಕೂಸಿನ ಬದಲಿಗೆ. ಎರಡು ಸಲ ಕೂಸುಗಳನ್ನು ಸುಲಭವಾಗಿ ಎತ್ತಿಕೊಂಡು ಹೋಯಿತಲ್ಲ ಸಾವು, ಈ ಸಲ ಇವನನ್ನು ಎತ್ತಿ ತೋರಿಸಲಿ. ನೀನು ಮನೆಮಗಳು. ಮೊರ ಹಿಡಿ ನಡೆ."

ನಾದಿನಿ ತಡವರಿಸಿದಳು. ಬೇಡ ಎನ್ನಲು ಶಾಸ್ತ್ರದಲ್ಲಿ ದಾರಿ ಸಿಗಲಿಲ್ಲ. ಹಿಂದೆ ನಿಂತಿದ್ದ ಹಿರಿಯಳೊಬ್ಬಳು, ಇದರಲ್ಲಿ ತಪ್ಪೇನೂ ಇಲ್ಲ ಕಣೇ ಎಂದಳು. ಮುದುಕಿ ಕಲ್ಲನ್ನು ಎದೆಗೊತ್ತಿಕೊಂಡು ನಡೆದಳು. ಹೆಂಗಸರೆಲ್ಲ ಅವಳ ಹಿಂದೆ ಹೋದರು. ಪಡಸಾಲೆ ಖಾಲಿಯಾಯಿತು.

ಮುದುಕಿ ತಿಪ್ಪೆಯ ಮೇಲೆ ಕಲ್ಲನ್ನು ಮಲಗಿಸಿದಳು. ತಿಪ್ಪನನ್ನು ಮಲಗಿಸಿದ ಜಾಗವೂ ಅದೇ. ಕಲ್ಲನ್ನು ಹೊರಳಿಸಿದಳು. ನಾದಿನಿ ಮೊರಕ್ಕೆ ಎತ್ತಿಕೊಂಡು, "ಎಂಥ ಭಾರದ ಗಂಡು ಹೆತ್ತಿದ್ದಾಳಮ್ಮ ನಿನ್ನ ಸೊಸೆ," ಎಂದಳು. ಹೆಂಗಸರು ನಕ್ಕರು. ಕಲ್ಲನ್ನು ಮನೆಗೆ ತಂದು, ತೊಟ್ಟಿಲಿಗೆ ಹಾಕಿ, ತಿಪ್ಪ ಎಂದು ಕರೆದರು. ಎಲ್ಲರೂ ಅದರ ಕೆನ್ನೆ ಸವರಿದರು, ಮುತ್ತು ಕೊಟ್ಟರು, ಲಟಿಕೆ ಮುರಿದರು. ಸೊಸೆ ಕಿಟಕಿಯಿಂದ ಒಂದು ಹಿಡಿ ತೌಡು ಹೊರಗೆ ಚೆಲ್ಲಿದಳು. ಕೂಸು ಒಳಗೆ ಯಾರ ಕೈಗೂ ಸಿಗದೆ ನಿದ್ದೆ ಮಾಡುತ್ತಿತ್ತು.

ಮುಂದೆ ಹಾಸಿಗೆ ಸಿಕ್ಕಿತು. ಅಕ್ಕನ ಮಜ್ಜೆ ಹೊಂದಿತು. ಇವತ್ತು ಉಳಿಯಿತು, ನಾಳೆ ಹೇಳಲಾಗದು ಎನ್ನುವ ಹಾಗೆ ಬಹಳ ದಿನ ನಡೆಯಿತು. ಕೊನೆಗೆ ಆ ಪುಟ್ಟ ಮೈಯಲ್ಲಿ ಅದರದೇ ಶಕ್ತಿ ಚಿಗುರಿತು. ಒಂದು ದಿನ ವೈದ್ಯ ಮಗುವನ್ನು ತಂದು ಮುದುಕಿಯ ಮುಂದೆ ಹಿಡಿದು, "ಇನ್ನು ಭಯವಿಲ್ಲ. ಎತ್ತಿಕೊಳ್ಳಿ ಅಜ್ಜಿ," ಎಂದ.

ಮುದುಕಿ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು.

"ಇದು ಒಬ್ಬನನ್ನು ತಿಪ್ಪೆಗೆ ಹಾಕಿದ ಕೈ," ಎಂದಳು.

"ಹಾಕದಿದ್ದರೂ ಆ ಮಗು ಉಳಿಯುತ್ತಿರಲಿಲ್ಲ."

"ಅದು ನಿಮಗೆ ಗೊತ್ತು. ನನ್ನ ಕೈಗೆ ಗೊತ್ತಿಲ್ಲ."

ಅವಳು ಮಗನಿಂದಲೂ ಸೊಸೆಯಿಂದಲೂ ಆಣೆ ಹಾಕಿಸಿಕೊಂಡಳು. ಹುಡುಗನಿಗೆ ಹೇಳಿದರೆ ಬೀದಿಗೆ ಹೇಳಿದಂತೆ, ಸೊಸೆಗೆ ಕೆಟ್ಟ ಹೆಸರು ಬರುತ್ತದೆ, ಯಾರೂ ಬಾಯಿ ಬಿಡಬಾರದು ಎಂದು. ಹುಡುಗ ಬೆಳೆದ. ಪುಟ್ಟ ಹೆಜ್ಜೆ ಇಡುತ್ತ ಬಂದು ಮಡಿಲು ಹತ್ತಲು ನೋಡುವನು. ಅವಳು ಎದ್ದು ಹೋಗುವಳು. ಅವನನ್ನು ಎತ್ತಿಕೊಳ್ಳುವ ಆಸೆ ತಡೆಯಲಾಗದೆ ಹೋದಾಗಲೆಲ್ಲ ಒರಳಿನ ಹತ್ತಿರ ಹೋಗಿ, ಗುಂಡುಕಲ್ಲನ್ನು ತೊಳೆದು, ಎಣ್ಣೆ ಹಚ್ಚಿ, ಮಡಿಲಲ್ಲಿ ಇಟ್ಟುಕೊಂಡು ಕೂರುವಳು.

ಗುರುಗಳು ಕತೆ ನಿಲ್ಲಿಸಿದರು. ಕರಿಬಸವನ ಮುಖ ಬಿಳಿಚಿತ್ತು. ಅವನು, "ಇದನ್ನು ನಿಮಗೆ ಯಾರು ಹೇಳಿದರು?" ಎಂದು ಕೇಳಿದ.

"ನಿನ್ನನ್ನು ಮಠಕ್ಕೆ ಬಿಡಲು ಯಾರು ಬಂದಿದ್ದರು?"

ಅಜ್ಜಿ ಬಂದಿದ್ದಳು. ಅವನು ಕಾಲಿಗೆ ಬೀಳಲು ಬಗ್ಗಿದಾಗ ಕೈ ಹಿಂದೆ ಕಟ್ಟಿಕೊಂಡು ಸರಿದು ನಿಂತಿದ್ದಳು. ಅವನು ಸಿಟ್ಟಿನಿಂದ ತಿರುಗಿಯೂ ನೋಡದೆ ಒಳಗೆ ಬಂದಿದ್ದ. ಆಮೇಲೆ ಅವಳು ಗುರುಗಳ ಮುಂದೆ ಕೂತು ಎಲ್ಲವನ್ನೂ ಹೇಳಿಕೊಂಡು ಹಗುರಾಗಿದ್ದಳು ಎಂದು ಅವನಿಗೆ ಈಗ ತಿಳಿಯಿತು.

ಗುರುಗಳು ಹೇಳಿದರು: "ನಿನ್ನನ್ನು ಕಾಯಲು ಕೂತ ಆ ಮುದುಕಿ ಹೊಸ್ತಿಲ ಮೇಲಿಂದ ಇನ್ನೂ ಎದ್ದಿಲ್ಲ, ನೀನು ಹೋಗಿ ಕೈ ಹಿಡಿಯದೆ ಏಳುವುದೂ ಇಲ್ಲ."